ಉಮರಾಕರ ಬಿಳಿ, ನನ್ನ ಕಾಮನ್ ಫೈಲು

ಕಳೆದ ತಿಂಗಳು ದುಬೈಯ ಅಲ್ ಬರ್ಷಾದ ನಮ್ಮ ಕಟ್ಟಡದಲ್ಲಿ ಲಿಫ್ಟಿನ ಬಾಗಿಲುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮೀನಿನ ಚೀಲ ಹಿಡಿದುಕೊಂಡು ಒಳಗೆ ನಿಂತೆ, ಬಾಗಿಲು ಮುಚ್ಚಿತು, ಏಳನೆಯ ಮಹಡಿ ತಲುಪುವಷ್ಟರಲ್ಲಿ ಥಿನ್ನರಿನ ವಾಸನೆ ಮೂಗಿನಿಂದ ನೆತ್ತಿಗೆ ಏರಿತ್ತು. ಬೇರೆಯವರಾದರೆ ಆ ವಾಸನೆಗೆ ಕರ್ಚೀಫು ಹಿಡಿಯುತ್ತಾರೆ. ನಾನು ಬೇಕೆಂದೇ ಇನ್ನೊಮ್ಮೆ ಕೆಳಗೆ ಹೋಗಿ ಮೇಲೆ ಬಂದೆ. ಮನೆಯಲ್ಲಿ ಮಗಳು ರಿಯಾ, "ವೈ ಡು ಯು ಸ್ಮೆಲ್ ಲೈಕ್ ಅ ಗ್ಯಾರೇಜ್, ಮಮ್ಮಾ?" ಎಂದಳು. ರಾಸ್ ಅಲ್ ಖೋರ್‌ನಲ್ಲಿ ನಾನು ಕಳೆದ ಒಂದು ಬೇಸಿಗೆ ಆ ವಾಸನೆಯೊಳಗೆ ಇದೆ ಎಂದು ಹೇಳಿದರೆ ಅವಳು ಫೋನಿನಿಂದ ತಲೆ ಎತ್ತುವವಳಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾವು ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯಲ್ಲಿದ್ದೆವು. ಹನ್ನೊಂದು ವರ್ಷ ಒಂದು ಹೋಟೆಲಿನ ಕಂಪ್ಯೂಟರ್ ವಿಭಾಗದಲ್ಲಿದ್ದ ನನ್ನನ್ನು, ಇನ್ನು ಈ ಕೆಲಸವನ್ನೆಲ್ಲ ಹೊರಗಿನವರಿಗೆ ಕೊಡುತ್ತೇವೆ ಎಂದು ಮನೆಗೆ ಕಳಿಸಿದ್ದರು. ಗಂಡ ವಿಲ್ಸನ್ ಅಬುಧಾಬಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಶುಕ್ರವಾರ ಸಂಜೆ ಬಂದರೆ ಭಾನುವಾರ ಸಂಜೆ ಹೊರಡುವವರು. ನಾಲ್ಕು ತಿಂಗಳು ನಾನು ಅರ್ಜಿ ಹಾಕುತ್ತ, ಉಳಿದ ಹೊತ್ತಿನಲ್ಲಿ ಕಂಪ್ಯೂಟರಿನ ವಿಡಿಯೊ ನೋಡುತ್ತ ಕಳೆದೆ. ಪಾತ್ರೆ ತೊಳೆಯುವಾಗಲೂ ಫೋನು ನಲ್ಲಿಯ ಪಕ್ಕದಲ್ಲಿ ನಿಂತಿರುತ್ತಿತ್ತು. ಹಾಗೆ ಸಿಕ್ಕಿದ್ದು ಒಂದು ವಿಚಿತ್ರ ಆಪರೇಟಿಂಗ್ ಸಿಸ್ಟಮ್.

ಅದರ ವಿಚಿತ್ರ ಇಷ್ಟೇ. ಸಾಮಾನ್ಯವಾಗಿ ಕಂಪ್ಯೂಟರಿಗೆ ಬೇಕಾದ್ದನ್ನು ನಾವು ಒಂದೊಂದಾಗಿ ಕೈಯಾರೆ ಹಾಕುತ್ತೇವೆ. ವರ್ಷ ಕಳೆದರೆ ಒಳಗೆ ಏನೇನಿದೆ, ಯಾರು ಹಾಕಿದ್ದು, ಯಾಕೆ ಹಾಕಿದ್ದು ಎಂಬುದು ದೇವರಿಗೇ ಗೊತ್ತು. ಇದರಲ್ಲಿ ಹಾಗೆ ಕೈ ಹಾಕುವಂತಿಲ್ಲ. ಏನೇನು ಇರಬೇಕು ಎಂದು ಫೈಲಿನಲ್ಲಿ ಬರೆದುಕೊಟ್ಟರೆ, ಅದನ್ನು ಓದಿಕೊಂಡು ಮೆಷಿನ್ ತನ್ನನ್ನು ತಾನೇ ಹಾಗೆ ಕಟ್ಟಿಕೊಳ್ಳುತ್ತದೆ. ಫೈಲಿನಲ್ಲಿ ಇಲ್ಲದ್ದು ಮೆಷಿನ್ನಿನಲ್ಲೂ ಇಲ್ಲ. ಹೊಸದು ಸರಿಯಾಗಲಿಲ್ಲವೆಂದರೆ ಮೆಷಿನ್ ಮೊದಲು ಕಟ್ಟಿಕೊಂಡದ್ದು, ಅಂದರೆ ಹಿಂದಿನ ಕಟ್ಟಡ, ಒಳಗೆ ಹಾಗೇ ಇರುತ್ತದೆ. ಮೆಷಿನ್ ಶುರುವಾಗುವಾಗ ಅದನ್ನು ಪಟ್ಟಿಯಿಂದ ಆರಿಸಿದರೆ ಸಾಕು. ಎಲ್ಲ ಮೆಷಿನ್‌ಗಳಿಗೂ ಬೇಕಾದ್ದನ್ನು ಒಂದು ಕಾಮನ್ ಫೈಲಿನಲ್ಲಿ, ಒಂದಕ್ಕೆ ಮಾತ್ರ ಬೇಕಾದ್ದನ್ನು ಅದರದ್ದೇ ಫೈಲಿನಲ್ಲಿ ಬರೆದು ಜೋಡಿಸಬಹುದು. ಯಾವ ಪ್ರೋಗ್ರಾಮಿನ ಯಾವ ವರ್ಷನ್ ಎಂಬುದನ್ನು ಬೇರೊಂದು ಕಡೆ ಬರೆದು ಬೀಗ ಹಾಕುತ್ತಾರೆ. ಅದಕ್ಕೆ ಪಿನ್ ಮಾಡುವುದು ಎಂದು ಹೆಸರು. ಆ ಬೀಗ ತೆಗೆಯುವವರೆಗೆ ಜಗತ್ತು ಎಷ್ಟು ಮುಂದೆ ಓಡಿದರೂ ಮೆಷಿನ್ ನಿಂತಲ್ಲೇ ನಿಂತಿರುತ್ತದೆ. ಮದುವೆಯ ಅಡುಗೆಯವನಿಗೆ ಚೀಟಿ ಬರೆದು, ಯಾವ ಅಂಗಡಿಯ ಯಾವ ಅಕ್ಕಿ ಎಂದೂ ಸೇರಿಸಿ ಕೊಟ್ಟ ಹಾಗೆ. ನನಗೆ ಹುಚ್ಚು ಹಿಡಿಯಲು ಇಷ್ಟು ಸಾಕಾಯಿತು.

ಆ ಹುಚ್ಚೇ ಕೆಲಸ ಕೊಡಿಸಿತು ಎಂದರೂ ತಪ್ಪಿಲ್ಲ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಒಂದು, ಅಬುಧಾಬಿಯ ಮುಸಫ್ಫಾದಲ್ಲಿ ಒಂದು, ಹೀಗೆ ಎರಡು ಕಡೆ ಕಾರುಗಳಿಗೆ ಪೇಂಟ್ ಮಾಡುವ ಗ್ಯಾರೇಜ್ ಇಟ್ಟುಕೊಂಡವರು ಕಂಪ್ಯೂಟರಿಗೆ ಜನ ಹುಡುಕುತ್ತಿದ್ದರು. ಮಾಲೀಕರ ಅಳಿಯ ನವಾಜ್ ಮ್ಯಾನೇಜರ್, ಪುತ್ತೂರಿನ ಕಡೆಯವರು. ಇಂಟರ್‌ವ್ಯೂ ಎಂದರೆ ಒಂದೇ ಪ್ರಶ್ನೆ: "ನಮ್ಮಲ್ಲಿ ಎಂಟು ಕಂಪ್ಯೂಟರ್ ಉಂಟು, ಎಂಟೂ ಎಂಟು ಥರ ನಡೀತದೆ. ಎಲ್ಲ ಒಂದೇ ಥರ ಆಗ್ಲಿಕ್ಕೆ ಎಂಥ ಮಾಡ್ಬೇಕು?" ನಾನು ಬಾಯಿ ತೆರೆದವಳು ಮುಚ್ಚಲಿಲ್ಲ. ಅರ್ಧ ಗಂಟೆಯ ಬಳಿಕ ಅವರು ಕೈಯೆತ್ತಿ, "ಯಲ್ಲಾ, ಜೂನ್‌ನಲ್ಲಿ ಬನ್ನಿ. ಮೂರು ತಿಂಗಳು ಪ್ರೊಬೇಷನ್," ಎಂದರು.

ಜೂನ್ ಅಂದರೆ ದುಬೈಯಲ್ಲಿ ಬೆಳಿಗ್ಗೆ ಏಳಕ್ಕೇ ಕನ್ನಡಕ ಬೆವರುವ ಕಾಲ. ನಾಲ್ಕೈದು ಜನ ಬಾಡಿಗೆ ಹಂಚಿಕೊಂಡು ಬರುವ ಕಾರ್‌ಲಿಫ್ಟಿನಿಂದ ಇಳಿದು ಶೆಡ್ಡಿನ ತನಕ ನಡೆಯುವ ನೂರು ಹೆಜ್ಜೆಯಲ್ಲಿ ಬಟ್ಟೆ ಮೈಗೆ ಅಂಟಿಕೊಳ್ಳುತ್ತಿತ್ತು. ಶೆಡ್ಡಿನಲ್ಲಿ ತಗಡು ಬಡಿಯುವವರು, ಉಜ್ಜುವವರು, ಮುಖಕ್ಕೆ ಮಾಸ್ಕ್ ಹಾಕಿದ ಪೇಂಟರ್‌ಗಳು. ಏಸಿ ಇದ್ದದ್ದು ಎರಡೇ ಕಡೆ: ನವಾಜರ ಆಫೀಸಿನಲ್ಲಿ ಮತ್ತು ಬಣ್ಣ ಬೆರೆಸುವ ಕೋಣೆಯಲ್ಲಿ. ನನಗೆ ಮೇಜು ಕೊಟ್ಟದ್ದು ಬಣ್ಣದ ಕೋಣೆಯಲ್ಲಿ. ಹಾಗೆ ನಾನು ಉಮರಾಕರ ಪಕ್ಕಕ್ಕೆ ಬಂದು ಬಿದ್ದೆ.

ಉಮರಾಕರಿಗೆ ಅರವತ್ತು ದಾಟಿತ್ತು. ಉಪ್ಪಿನಂಗಡಿಯ ಕಡೆಯ ಬ್ಯಾರಿ, ಹೆಸರಿನ ಕೊನೆಯ ‘ಆಕ’ ಹಿರಿಯರಿಗೆ ಕೊಡುವ ಮರ್ಯಾದೆ. ಬಣ್ಣ ಬೆರೆಸಲು ಬಂದು ಮೂವತ್ತು ವರ್ಷದ ಮೇಲಾಗಿತ್ತು. ಗುದ್ದಿದ ಬಾಗಿಲಿಗೆ ಹೊಸ ಬಣ್ಣ ಹೊಡೆದರೆ ಅದು ಪಕ್ಕದ ಬಾಗಿಲಿನ ಬಣ್ಣಕ್ಕೆ ಸರಿಹೊಂದಬೇಕಲ್ಲ, ಅದು ಅವರ ಕೆಲಸ. ಕಾರಿನ ಬಣ್ಣದ ನಂಬರ್ ಒತ್ತಿದರೆ ಸ್ಕ್ರೀನ್ ಫಾರ್ಮುಲಾ ತೋರಿಸುತ್ತದೆ: ಈ ಡಬ್ಬಿಯಿಂದ ಇಷ್ಟು ಗ್ರಾಮ್, ಆ ಡಬ್ಬಿಯಿಂದ ಇಷ್ಟು. ತಕ್ಕಡಿಯ ಮೇಲೆ ಹನಿ ಹನಿಯಾಗಿ ಸುರಿಯುವಾಗ ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಬಣ್ಣಗಳಿಗೆ ಕಂಪೆನಿ ಇಟ್ಟ ಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ. ಬೆಳ್ಳಿಯ ಬಣ್ಣಕ್ಕೆ ಬಂಗುಡೆ ಹೊಟ್ಟೆ, ಗಾಢ ಕೆಂಪಿಗೆ ಪುನರ್ಪುಳಿ, ಈ ಊರಿನ ಅರ್ಧ ಕಾರುಗಳ ಮೇಲಿರುವ ಮುತ್ತಿನಂಥ ಬಿಳಿಗೆ ಗಂಜಿತೆಳಿ. ಪೇಂಟರ್‌ಗಳಲ್ಲಿ ಬಿಹಾರದವರಿದ್ದರು, ಪೇಶಾವರದವರಿದ್ದರು. ಅವರೂ ಕಿಟಕಿಯಲ್ಲಿ ತಲೆಹಾಕಿ, "ಚಾಚಾ, ದೋ ಲೀಟರ್ ಗಂಜಿತೆಳಿ," ಎಂದು ಕೂಗುತ್ತಿದ್ದರು. ಗಂಜಿ ಎಂದರೇನೆಂದು ಅವರು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ನನ್ನನ್ನು ಅವರು, ಊರಿನ ಕಡೆ ಕೊಂಕಣಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ, ಜೆಸಿಂತಾ ಬಾಯಿ ಎಂದು ಕರೆಯುತ್ತಿದ್ದರು. ನಾನು ಬರೆಯುತ್ತಿದ್ದ ಫೈಲುಗಳ ಮೇಲೆ ಅವರಿಗೆ ವಿಪರೀತ ಕುತೂಹಲ. ಒಂದು ದಿನ ಕಾಮನ್ ಫೈಲು, ಆಯಾ ಅಂಗಡಿಯ ಫೈಲು ಎಂದೆಲ್ಲ ವಿವರಿಸಿದೆ. ಅವರು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ಪೂರ್ತಿ ಕೇಳಿದರು.

"ಅಂದ್ರೆ ಇದೂ ಫಾರ್ಮುಲಾವೇ," ಎಂದರು. "ನಾನು ಬಣ್ಣಕ್ಕೆ ಮಾಡೂದು, ನೀವು ಮೆಷಿನ್‌ಗೆ ಮಾಡೂದು."

"ಹೌದು ಉಮರಾಕ. ನನ್ನದರಲ್ಲಿ ಒಂದೇ ವ್ಯತ್ಯಾಸ. ಎಷ್ಟು ಸಲ ಕಟ್ಟಿದ್ರೂ ಅದೇ ಬರ್ತದೆ."

"ಹಾಗೆ ಹೇಳ್ಬೇಡಿ ಬಾಯಿ. ಡಬ್ಬಿ ಬದಲಾದ್ರೆ?"

ನನ್ನ ಸಿಸ್ಟಮ್ಮಿನಲ್ಲಿ ಡಬ್ಬಿ ಬದಲಾಗುವುದೇ ಇಲ್ಲ, ಅದಕ್ಕೇ ಪಿನ್ ಮಾಡುವುದು ಎಂದು ಗತ್ತಿನಿಂದ ಉತ್ತರ ಕೊಟ್ಟೆ. ಅವರು ತಲೆಯಾಡಿಸಿ ಚಹಾದ ಲೋಟ ತೊಳೆಯಲು ಎದ್ದರು.

ಜುಲೈ ಮಧ್ಯದ ಹೊತ್ತಿಗೆ ಎಂಟೂ ಮೆಷಿನ್‌ಗಳು ನನ್ನ ಹಿಡಿತಕ್ಕೆ ಬಂದವು. ಪ್ರಿಂಟರ್ ಎಲ್ಲಿದೆ ಎಂಬ ಒಂದು ಸಾಲನ್ನು ಬಿಟ್ಟರೆ ದುಬೈಯ ಬಣ್ಣದ ಮೆಷಿನ್ನೂ ಮುಸಫ್ಫಾದ ಬಣ್ಣದ ಮೆಷಿನ್ನೂ ಒಂದೇ. ಫಾರ್ಮುಲಾಗಳ ಸಂಗ್ರಹವನ್ನೂ ಕಾಮನ್ ಫೈಲಿಗೇ ಹಾಕಿದೆ, ಎರಡೂ ಕಡೆ ಅದೇ ಬೇಕಲ್ಲ ಎಂದು. ಮೊದಲು ಮೆಷಿನ್‌ನಲ್ಲಿ ಏನಿತ್ತೋ ಅದೇ ಹಳೆಯ ಸಂಗ್ರಹವನ್ನು ಇಟ್ಟುಕೊಂಡಿದ್ದೆ. ಎಲ್ಲ ಸುಸೂತ್ರವಾಗಿ ನಡೆದದ್ದು ತಲೆಗೇರಿತು. ಜುಲೈ ಕೊನೆಯ ವಾರ ಒಂದು ಬೆಳಿಗ್ಗೆ ಬೀಗಗಳನ್ನೆಲ್ಲ ತೆಗೆದು, ಇರುವುದರಲ್ಲಿ ಹೊಸ ವರ್ಷನ್‌ಗಳನ್ನು ತಂದು, ಮತ್ತೆ ಬೀಗ ಹಾಕಿದೆ. ಮೆಷಿನ್‌ಗಳು ಒಂದು ತಕರಾರಿಲ್ಲದೆ ತಮ್ಮನ್ನು ಕಟ್ಟಿಕೊಂಡವು. ಈ ಊರಿನಲ್ಲಿ ಹೊಸದು ಬಂದರೆ ಹಳೆಯದು ಖಲಾಸ್. ಹೊಸದಾಗಿದ್ದರೆ ಒಳ್ಳೆಯದೇ ಇರಬೇಕು ಎಂಬುದು ಇಲ್ಲಿ ಹದಿನೈದು ವರ್ಷ ಕಳೆದ ನನಗೂ ಅಂಟಿಕೊಂಡಿತ್ತು. ಸಂತೋಷಕ್ಕೆ ಅಂದು ಮಧ್ಯಾಹ್ನ ಎಲ್ಲರಿಗೂ ಲಬಾನ್ ಮಜ್ಜಿಗೆ ತರಿಸಿದೆ.

ಆಗಸ್ಟ್ ಮೊದಲ ವಾರದಲ್ಲಿ ಒಂದು ಬಿಳಿ ಜೀಪು ವಾಪಸ್ ಬಂತು. ಬಿಸಿಲಲ್ಲಿ ನಿಲ್ಲಿಸಿ ನೋಡಿದರೆ ಹಿಂದಿನ ಬಾಗಿಲು ಒಂದಿಷ್ಟು ಹಳದಿ. ಹಲ್ಲುಜ್ಜದವನ ಹಲ್ಲಿನ ಹಾಗೆ ಎಂದು ಅದರ ಯಜಮಾನ ನವಾಜರಿಗೆ ಹೇಳಿದನಂತೆ. ಹತ್ತು ದಿನ ಬಿಟ್ಟು ಇನ್ನೊಂದು ಬಂತು, ಅದೂ ಗಂಜಿತೆಳಿ ಬಿಳಿ. ಆ ವಾರವೇ ಮೂರನೆಯದು. ಮೂವತ್ತು ವರ್ಷದಲ್ಲಿ ಉಮರಾಕರ ಬಣ್ಣ ಹೀಗೆ ಒಂದರ ಮೇಲೊಂದು ವಾಪಸ್ ಬಂದದ್ದಿಲ್ಲ. ನವಾಜ್ ಗಲಾಟೆ ಮಾಡುವ ಮನುಷ್ಯರಲ್ಲ. ನನ್ನನ್ನು ಆಫೀಸಿಗೆ ಕರೆದು ಬಾಗಿಲು ಮುಚ್ಚಿದರು.

"ಜೆಸಿಂತಾ, ಸಾಫ್ಟ್‌ವೇರ್‌ನದ್ದು ಏನಾದ್ರೂ ಪ್ರಾಬ್ಲೆಮ್ ಇರಬಹುದಾ?"

ನಾನು ಏನು ಉತ್ತರ ಕೊಟ್ಟೆ ಎಂಬುದು ಇಂದಿಗೂ ಅಕ್ಷರ ಅಕ್ಷರ ನೆನಪಿದೆ. "ಚಾನ್ಸೇ ಇಲ್ಲ ಸರ್. ಮುಸಫ್ಫಾದಲ್ಲಿಯೂ ಇದೇ ಫೈಲು, ಇದೇ ವರ್ಷನ್, ಇದೇ ಫಾರ್ಮುಲಾ. ಅಲ್ಲಿ ಒಂದು ಗಾಡಿಯೂ ವಾಪಸ್ ಬರ್ಲಿಲ್ಲ. ಬೇಕಾದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸ್ತೇನೆ." ತೋರಿಸಿಯೂ ಬಿಟ್ಟೆ. ಎರಡು ಕಡೆಯ ಫಾರ್ಮುಲಾ ಸಂಗ್ರಹಕ್ಕೆ ಮೆಷಿನ್ ಕೊಡುವ ಗುರುತಿನ ಎರಡು ಉದ್ದನೆಯ ನಂಬರ್‌ಗಳು, ಕೊನೆಯ ಅಕ್ಷರದವರೆಗೆ ಒಂದೇ. ಇದಕ್ಕಿಂತ ಚೆಂದದ ಸಾಕ್ಷಿ ಎಲ್ಲಿ ಸಿಗುತ್ತದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ನವಾಜ್ ಎರಡು ನಂಬರ್‌ಗಳ ಮೇಲೂ ಬೆರಳು ಓಡಿಸಿದರು.

"ಹಾಗಾದ್ರೆ ಉಮರಾಕರ ಕಣ್ಣು," ಎಂದರು.

ನಾನು ಅಲ್ಲವೆನ್ನಲಿಲ್ಲ. ನನ್ನ ಮೆಷಿನ್ ನಿರಪರಾಧಿ ಎಂದು ಸಾಧಿಸಿದ್ದರಲ್ಲೇ ಮುಳುಗಿದ್ದೆ. ಹಾಗಾದರೆ ಆ ಕೋಣೆಯಲ್ಲಿ ಬೇರೆ ಯಾರು ಉಳಿದರು ಎಂದು ಯೋಚಿಸಲಿಲ್ಲ.

ಉಮರಾಕರು ಕಣ್ಣಿನ ಡಾಕ್ಟರರಲ್ಲಿಗೆ ಹೋದರು. ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆ, ಈಗಲೇ ಆಪರೇಷನ್ ಬೇಡ, ಕಣ್ಣು ಒಣಗದ ಹಾಗೆ ಡ್ರಾಪ್ಸ್ ಹಾಕಿ ಎಂದಿದ್ದರಂತೆ. ಪೊರೆ ಬಂದರೆ ಬಿಳಿ ಬಣ್ಣ ಹಳದಿಯಾಗಿ ಕಾಣುವುದುಂಟು ಎಂದೂ ಹೇಳಿದ್ದರಂತೆ. ಎಲ್ಲರಿಗೂ ಉತ್ತರ ಸಿಕ್ಕಿತು. ನನಗೂ ಸಿಕ್ಕಿತು. ಅದಾದ ಮೇಲೆ ಅವರು ಬಣ್ಣ ಬೆರೆಸುವುದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ಒಂದು ಹನಿ ಸುರಿದು ಸ್ಕ್ರೀನ್ ನೋಡುವರು, ಮತ್ತೆ ಸುರಿದು ಮತ್ತೆ ಸ್ಕ್ರೀನ್ ನೋಡುವರು. ಒಮ್ಮೆ ಪಾತ್ರೆಯನ್ನು ನನ್ನ ಮುಂದೆ ಹಿಡಿದು, "ಬಾಯಿ, ಇದು ನಿಮಗೆ ಹೇಗೆ ಕಾಣ್ತದೆ?" ಎಂದು ಕೇಳಿದರು. ನನಗೆ ಬಿಳಿಯೆಂದರೆ ಬಿಳಿ. ಸರಿಯಾಗಿಯೇ ಇದೆ ಎಂದೆ. ಆಗಸ್ಟ್ ಕೊನೆಯಲ್ಲಿ ಅವರು ನವಾಜರಿಗೆ ಒಂದು ಕಾಗದ ಕೊಟ್ಟರು. ಸೆಪ್ಟೆಂಬರ್ ಮುಗಿಯುವಾಗ ವೀಸಾ ಕ್ಯಾನ್ಸಲ್ ಮಾಡಿ, ಊರಿಗೆ ಹೋಗುತ್ತೇನೆ ಎಂದು ಅದರಲ್ಲಿತ್ತು.

ಆ ವಾರವೇ ನನಗೆ ಮುಸಫ್ಫಾದಲ್ಲಿ ಕೆಲಸ ಬಿತ್ತು. ಲೇಬಲ್ ಪ್ರಿಂಟರ್ ಕೈಕೊಟ್ಟಿತ್ತು. ಅದನ್ನು ಸರಿ ಮಾಡಿ, ಬಸ್ಸಿಗೆ ಇನ್ನೂ ಹೊತ್ತಿದ್ದರಿಂದ ಸುಮ್ಮನೆ ಅಲ್ಲಿನ ಡಬ್ಬಿಗಳನ್ನು ನೋಡುತ್ತ ನಿಂತೆ. ಕುತೂಹಲ ನನ್ನ ದೊಡ್ಡ ಚಟ. ಅಲ್ಲಿನ ಹಳದಿ ಡಬ್ಬಿಯ ಮುಚ್ಚಳ ನೀಲಿ. ನಮ್ಮಲ್ಲಿ ಅದೇ ನಂಬರಿನ ಡಬ್ಬಿಗೆ ಕಪ್ಪು ಮುಚ್ಚಳ. ಬಣ್ಣ ಬೆರೆಸುವ ಫಿಲಿಪಿನೋ ಮನುಷ್ಯನನ್ನು ಕೇಳಿದೆ. "ನ್ಯೂ ಸೀರೀಸ್, ಸಿಸ್ಟರ್," ಎಂದ. "ದಿಸ್ ಒನ್ ಲೈಟ್. ಓಲ್ಡ್ ಒನ್, ವೆರಿ ಸ್ಟ್ರಾಂಗ್." ಬಣ್ಣದ ಕಂಪೆನಿ ಹಳದಿಯನ್ನು ತೆಳುವಾಗಿಸಿತ್ತು. ತೆಳುವಾದ್ದರಿಂದ ಹೊಸ ಫಾರ್ಮುಲಾದಲ್ಲಿ ಅದನ್ನು ಹೆಚ್ಚು ಹಾಕಬೇಕು. ಮುಸಫ್ಫಾದಲ್ಲಿ ಹಳೆಯ ಸ್ಟಾಕ್ ಜುಲೈ ಕೊನೆಗೇ ಮುಗಿದು, ಈಗ ಬರೇ ಹೊಸ ಡಬ್ಬಿಗಳಿದ್ದವು. ರಾಸ್ ಅಲ್ ಖೋರ್‌ನ ಗೋದಾಮಿನಲ್ಲಿ ಹಳೆಯ ಗಟ್ಟಿ ಹಳದಿ ಇನ್ನೂ ರಾಶಿ ಬಿದ್ದಿತ್ತು.

ಬಸ್ಸಿನಲ್ಲಿ ಕೂತು ಕಿಟಕಿಯಾಚೆಯ ಮರಳನ್ನು ನೋಡುತ್ತಿದ್ದೆ. ನಾನು ಹೊಸ ವರ್ಷನ್ ತಂದ ದಿನ ಫಾರ್ಮುಲಾಗಳೂ ಹೊಸದಾಗಿದ್ದವು. ಅವು ಕಾಮನ್ ಫೈಲಿನಲ್ಲಿದ್ದುದರಿಂದ ಎರಡೂ ಕಡೆ ಹೊಸದಾಗಿದ್ದವು. ಎರಡು ಮೆಷಿನ್ ಒಂದೇ ಆಗಿದ್ದವು ನಿಜ. ಎರಡು ಕಪಾಟುಗಳು ಒಂದೇ ಆಗಿರಲಿಲ್ಲ; ನಮ್ಮಲ್ಲಿ ಹೊಸ ಫಾರ್ಮುಲಾ ಹಳೆಯ ಗಟ್ಟಿ ಹಳದಿಯನ್ನೇ ಹೆಚ್ಚು ಸುರಿಸುತ್ತಿತ್ತು. ಸಾಕ್ಷಿ ಎಂದು ನಾನು ನವಾಜರ ಮುಂದೆ ಹಿಡಿದ ಆ ನಂಬರೇ ತಪ್ಪಿನ ಬೇರು.

ಮರುದಿನ ಶುಕ್ರವಾರ. ಎಲ್ಲರೂ ಜುಮಾ ನಮಾಜಿಗೆ ಹೋದ ಹೊತ್ತಿನಲ್ಲಿ ಬಣ್ಣದ ಮೆಷಿನ್ನನ್ನು ಜುಲೈ ಮಧ್ಯದ ಕಟ್ಟಡಕ್ಕೆ ಹಿಂದೆ ಕಳಿಸಿ ಗಂಜಿತೆಳಿಯ ಫಾರ್ಮುಲಾ ತೆರೆದೆ. ಲೀಟರಿಗೆ ಹಳದಿ ಮೂರು ಗ್ರಾಮ್. ಮುಂದಿನ ಕಟ್ಟಡಕ್ಕೆ ಬಂದು ನೋಡಿದೆ. ನಾಲ್ಕೂವರೆ. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಫಾರ್ಮುಲಾದ ಸಾಲನ್ನು ಕಾಮನ್ ಫೈಲಿನಿಂದ ತೆಗೆದು ಎರಡು ಅಂಗಡಿಗಳ ಫೈಲುಗಳಿಗೆ ಬೇರೆ ಬೇರೆಯಾಗಿ ಹಾಕಿದೆ. ಮುಸಫ್ಫಾಕ್ಕೆ ಹೊಸದು, ಕಪ್ಪು ಮುಚ್ಚಳದ ಡಬ್ಬಿಗಳು ಮುಗಿಯುವವರೆಗೆ ದುಬೈಗೆ ಹಳೆಯದೇ, ಪಿನ್ ಮಾಡಿ. ಏನು ಬದಲಿಸಿದೆವು ಎಂದು ಪ್ರತಿ ಸಲ ಒಂದು ಸಾಲು ಬರೆಯಬೇಕು. ನಾನು ಬರೆದದ್ದು: ಸಣ್ಣ ಬದಲಾವಣೆ.

ಯಾರಿಗೂ ಹೇಳಲಿಲ್ಲ. ಪ್ರೊಬೇಷನ್ ಮುಗಿಯಲು ಎರಡು ವಾರವಿತ್ತು. ಬೇಸಿಗೆಯಲ್ಲಿ ರಜೆ ಎಂದು ಒಂದಷ್ಟು ದಿನ ಕಚೇರಿ ಮುಚ್ಚಿದ್ದುದನ್ನು ಸೇರಿಸಿ ಅದು ಸೆಪ್ಟೆಂಬರ್ ಮಧ್ಯಕ್ಕೆ ಹೋಗಿತ್ತು. ಬಣ್ಣ ಸರಿಹೋದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ, ಉಮರಾಕರು ಕಾಗದ ವಾಪಸ್ ತೆಗೆದುಕೊಳ್ಳುತ್ತಾರೆ, ಯಾರ ಮರ್ಯಾದೆಗೂ ಕುಂದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದ್ದೆ, ಅಷ್ಟೇ. ಮತ್ತೆ ನಾಲ್ಕು ತಿಂಗಳು ಮನೆಯಲ್ಲಿ ಕೂರಲು ನನ್ನಿಂದಾಗುತ್ತಿರಲಿಲ್ಲ.

ಬಣ್ಣ ಸರಿಹೋಯಿತು. ಒಂದು ವಾರದಲ್ಲಿ ನಾಲ್ಕು ಬಿಳಿ ಕಾರುಗಳು ಹೋದವು, ಒಂದೂ ತಿರುಗಿ ಬರಲಿಲ್ಲ. ಉಮರಾಕರ ಮುಖದಲ್ಲಿ ಕಳೆ ಬಂತು. ಎಲ್ಲ ಡ್ರಾಪ್ಸಿನ ಮಹಿಮೆ ಎಂದರು. ಬಿಹಾರದ ಪೇಂಟರಿಗೂ ಆ ಡಾಕ್ಟರರ ವಿಳಾಸ ಬರೆದುಕೊಟ್ಟರು. ನಾನು ತಲೆ ತಗ್ಗಿಸಿ ಕೀಬೋರ್ಡ್ ಕುಟ್ಟುತ್ತಿದ್ದೆ.

"ಹಾಗಾದ್ರೆ ಕಾಗದ ವಾಪಸ್ ತಕ್ಕೊಳ್ಳಿ ಉಮರಾಕ," ಎಂದೆ ಒಂದು ದಿನ, ಆದಷ್ಟು ಹಗುರವಾಗಿ.

"ಇಲ್ಲ ಬಾಯಿ. ಇದು ಮದ್ದು ಹಾಕಿ ನಡೀವ ಕಣ್ಣು. ಎಷ್ಟು ದಿನ? ಇನ್ನೊಂದು ಗಾಡಿ ವಾಪಸ್ ಬರುವ ಮೊದ್ಲು ಹೋಗ್ತೇನೆ."

"ಊರಲ್ಲಿ ಎಂಥ ಮಾಡ್ತೀರಿ?"

"ಅದೇ ಗೊತ್ತಿಲ್ಲ. ಹೆಂಡ್ತಿ ಖುಷಿಯಲ್ಲಿ ಉಂಟು. ನನಗೆ ಬಣ್ಣ ಬಿಟ್ರೆ ಬೇರೆ ಎಂಥ ಗೊತ್ತುಂಟು ಹೇಳಿ." ಹೇಳುತ್ತ ಅವರು ತಮ್ಮ ಚೀಲದಿಂದ ಒಂದು ಸಣ್ಣ ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟರು. ಕಣ್ಣಿನ ಡ್ರಾಪ್ಸ್, ಹೊಸದು. "ನಿಮಗೆ. ದಿನ ಇಡೀ ಸ್ಕ್ರೀನ್ ನೋಡೂದಲ್ವಾ. ನನ್ನ ಹಾಗೆ ಆಗುವ ಮೊದ್ಲು ಹಾಕಿ."

ಆ ಪೊಟ್ಟಣವನ್ನು ಮನೆಗೆ ಕೊಂಡುಹೋಗಿ ಫ್ರಿಜ್ಜಿನಲ್ಲಿಟ್ಟೆ. ಸಂಜೆ ಹಾಲು ತೆಗೆಯಲು ಹೋದ ರಿಯಾ ಇದೇನೆಂದು ಕೇಳಿದಳು. ಯಾರಿಗೂ ಹೇಳದ ಕಥೆಯನ್ನು ಹದಿಮೂರು ವರ್ಷದ ಹುಡುಗಿಗೆ ಹೇಳಿಬಿಟ್ಟೆ, ಅರ್ಧ ಕೊಂಕಣಿ ಅರ್ಧ ಇಂಗ್ಲಿಷಿನಲ್ಲಿ. ಅವಳು ಹಾಲಿನ ಲೋಟ ಹಿಡಿದುಕೊಂಡೇ ಕೇಳಿದಳು. "ಸೋ ಹೀ ಥಿಂಕ್ಸ್ ಹೀಸ್ ಗೋಯಿಂಗ್ ಬ್ಲೈಂಡ್," ಎಂದಳು, "ಅಂಡ್ ಯು ನೋ ಹೀ ಇಸ್ ನಾಟ್." ಬೈದದ್ದೂ ಅಲ್ಲ, ಗಣಿತದ ಲೆಕ್ಕ ಬಿಡಿಸಿದ ದನಿ. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಮರುದಿನ ಚಹಾದ ಹೊತ್ತಿಗೆ ಉಮರಾಕರ ಎದುರು ಸ್ಟೂಲ್ ಎಳೆದು ಕೂತೆ. ಕಪ್ಪು ಮುಚ್ಚಳ, ನೀಲಿ ಮುಚ್ಚಳ, ಮೂರು ಗ್ರಾಮ್, ನಾಲ್ಕೂವರೆ ಗ್ರಾಮ್, ಎಲ್ಲ ಹೇಳಿದೆ. ಸರಿಪಡಿಸಿ ಹನ್ನೆರಡು ದಿನವಾಯಿತು, ಹೆದರಿ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನೂ ಹೇಳಿದೆ. ಅವರ ಚಹಾ ಲೋಟದಲ್ಲೇ ಆರಿತು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನವಾಜನಿಗೆ ಹೇಳಿದ್ರಾ?" ಎಂದು ಕೊನೆಗೆ ಕೇಳಿದರು.

"ಇಲ್ಲ. ಮೊದಲು ನಿಮಗೆ ಹೇಳ್ಬೇಕು ಅಂತ."

"ಬನ್ನಿ," ಎಂದು ಎದ್ದರು.

ನವಾಜರ ಆಫೀಸಿನಲ್ಲಿ ಎರಡನೆಯ ಸಲ ಹೇಳುವಾಗ ನನ್ನ ದನಿ ನನಗೇ ಬೇರೆಯವರದೆನಿಸುತ್ತಿತ್ತು. ಅವರು ಬದಲಾವಣೆಗಳ ಪಟ್ಟಿ ತೋರಿಸಿ ಎಂದರು. ಅಲ್ಲಿ ಎಲ್ಲವೂ ಇತ್ತು. ಹೊಸದು ತಂದ ದಿನ, ಹಿಂದಕ್ಕೆ ಹೋದ ದಿನ, ಆ ದಿನದ ಎದುರು ನಾನು ಬರೆದ ಸಾಲು. ಅದನ್ನು ಅವರು ಗಟ್ಟಿಯಾಗಿ ಓದಿದರು. "ಸಣ್ಣ ಬದಲಾವಣೆ." ಆಮೇಲೆ ನನ್ನ ಮುಖ ನೋಡದೆ, ಪ್ರೊಬೇಷನ್ ಇನ್ನು ಮೂರು ತಿಂಗಳು ಮುಂದಕ್ಕೆ ಎಂದರು. ಕಳಿಸಿಬಿಡುತ್ತಾರೆಂದೇ ಅಂದುಕೊಂಡಿದ್ದವಳು ತಲೆಯಾಡಿಸಿದೆ. ನವಾಜ್ ಮೇಜಿನ ಖಾನೆಯಿಂದ ಉಮರಾಕರ ಕಾಗದ ತೆಗೆದು ಅವರತ್ತ ಸರಿಸಿ, "ಉಮರಾಕ, ಇದು ನನಗೆ ಸಿಗ್ಲೇ ಇಲ್ಲ ಅಂತ ಇಟ್ಟುಕೊಳ್ಳುವಾ," ಎಂದರು. ಉಮರಾಕರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು.

ಇಬ್ಬರೂ ಬಣ್ಣದ ಕೋಣೆಗೆ ಮರಳಿದೆವು. ಅವರು ಕೈ ತೊಳೆದರು, ತಕ್ಕಡಿ ಒರೆಸಿದರು. ಆಮೇಲೆ ತಮ್ಮ ಡ್ರಾಯರ್ ಎಳೆದು ಏನನ್ನೋ ಹುಡುಕತೊಡಗಿದರು. ಕಾರಿಗೆ ಹೊಡೆಯುವ ಮೊದಲು ಬೆರೆಸಿದ ಬಣ್ಣವನ್ನು ಅಂಗೈಯಗಲದ ರಟ್ಟಿನ ಮೇಲೆ ಒಮ್ಮೆ ಹೊಡೆದು ಒಣಗಿಸಿ ನೋಡುವುದು ಕ್ರಮ. ಅಂಥ ರಟ್ಟುಗಳು ಡ್ರಾಯರಿನ ತುಂಬ ಇದ್ದವು. ಅವುಗಳಿಂದ ಮೂರನ್ನು ಆರಿಸಿ ನನ್ನ ಕೀಬೋರ್ಡಿನ ಮೇಲೆ ಸಾಲಾಗಿ ಇಟ್ಟರು. ವಾಪಸ್ ಬಂದ ಮೂರು ಕಾರುಗಳದ್ದು. ನನ್ನ ಕಣ್ಣಿಗೆ ಮೂರೂ ಬಿಳಿ.

"ತಿರುಗಿಸಿ ನೋಡಿ," ಎಂದರು.

ಪ್ರತಿಯೊಂದರ ಹಿಂದೆ ಬಾಲ್ ಪೆನ್ನಿನಲ್ಲಿ, ಕನ್ನಡ ಶಾಲೆಯಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ ಕಾರಿನ ನಂಬರ್, ಅದರ ಕೆಳಗೆ ಅಂದಿನ ಅವರ ಟಿಪ್ಪಣಿ. ಕಾರು ಹೋಗುವ ಮೊದಲೇ ಬರೆದದ್ದು. ಮೊದಲನೆಯದರಲ್ಲಿ, "ಹಳದಿ ಜಾಸ್ತಿ." ಎರಡನೆಯದರಲ್ಲಿ, "ಹಳದಿ ಜಾಸ್ತಿ?" ಮೂರನೆಯದರಲ್ಲಿ ಒಂದೇ ಮಾತು: "ಕಣ್ಣು."

"ನನಗೆ ಕಂಡಿತ್ತು ಬಾಯಿ," ಎಂದರು. "ಮೊದಲ ದಿನವೇ ಕಂಡಿತ್ತು. ಸ್ಕ್ರೀನ್ ಸರಿ ಅಂತ ಹೇಳಿತು. ನಾನು ಸ್ಕ್ರೀನ್ ನಂಬಿದೆ."

ಅವರು ಕೈ ಚಾಚಿ ನನ್ನ ಪೆನ್ನು ಕೇಳಿದರು. ಮೂರನೆಯ ರಟ್ಟನ್ನು ತಕ್ಕಡಿಯ ಮೇಲೆ ಬೋರಲು ಇಟ್ಟು, "ಕಣ್ಣು" ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು ಹಾಕಿ, ಅದರ ಕೆಳಗೆ ನಿಧಾನವಾಗಿ ಬರೆದರು. ಹಳದಿ ಜಾಸ್ತಿ. ಆಮೇಲೆ ಎರಡನೆಯದನ್ನು ಎಳೆದುಕೊಂಡು ಅದರಲ್ಲಿದ್ದ ಪ್ರಶ್ನೆಯ ಗುರುತನ್ನೂ ಹೊಡೆದು ಹಾಕಿದರು.